ಗಿರಣಿ ಶೇಖರಮ್ಮನ ಕಿವಿ

ಮಸ್ಕಿಯ ಸಂತೆ ಬಯಲಿನ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಬೋರ್ಡಿನ ಮೇಲೆ ಮನೆದೇವರ ಹೆಸರಿದ್ದರೂ ಊರಿನವರ ಬಾಯಲ್ಲಿ ಅದು ಶೇಖರಮ್ಮನ ಗಿರಣಿ. ಶೇಖರಮ್ಮನಿಗೆ ಈಗ ಐವತ್ತಮೂರು. ಗಿರಣಿ ನಡೆಸಲು ಶುರು ಮಾಡಿದಾಗ ಇಪ್ಪತ್ತಾರು. ಆಗ ಇದ್ದ ಆಪರೇಟರ್ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ. ಜೋಳದ ಬುಟ್ಟಿ ಹಿಡಿದುಕೊಂಡು ಹನ್ನೆರಡು ಜನ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಗಂಡ ಬಸವಂತರಾಯರು ಸಂತೆಕಲ್ಲೂರಿನ ಹೊಲದಲ್ಲಿದ್ದರು. ಶೇಖರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಗಂಡ ಸಂಜೆ ಬಂದು ನೋಡಿದಾಗ ಹನ್ನೆರಡೂ ಬುಟ್ಟಿ ಖಾಲಿಯಾಗಿದ್ದವು. ಮರುದಿನ ಬೇರೆ ಆಪರೇಟರನನ್ನು ಹುಡುಕುವ ಮಾತೇ ಬರಲಿಲ್ಲ.

ಆಕೆ ಬೀಸಿದ ಹಿಟ್ಟಿನ ರೊಟ್ಟಿ ಹರಿಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವುದು, ಬಿಸಿ ಹೆಚ್ಚಾಯಿತೆನಿಸಿದರೆ ಕಲ್ಲನ್ನು ತುಸು ಸಡಿಲಿಸುವುದು, ಮೆಣಸಿನಕಾಯಿಯ ಕಲ್ಲಿನ ಹತ್ತಿರಕ್ಕೂ ಗೋಧಿಯನ್ನು ತರಗೊಡದಿರುವುದು, ಇವೆಲ್ಲ ಆಕೆಗೆ ಉಸಿರಾಡಿದಷ್ಟು ಸಲೀಸು. ಮಾತು ಮಾತ್ರ ಖಡಕ್ಕು. ಹಸಿ ಜೋಳ ತಂದವರಿಗೆ, "ಬಿಸಿಲಿಗೆ ಹಾಕ್ಕೊಂಡು ನಾಳಿ ಬಾ. ಇವತ್ತ ಬೀಸಿದ್ರ ಹಿಟ್ಟಲ್ಲ, ಮುದ್ದಿ ಆಗತೈತಿ" ಎಂದು ಬಾಗಿಲಿಂದಲೇ ತಿರುಗಿ ಕಳಿಸುತ್ತಿದ್ದಳು.

ಇಪ್ಪತ್ತೇಳು ವರ್ಷ ಮೋಟಾರು, ಬೆಲ್ಟು ಮತ್ತು ಕಲ್ಲಿನ ನಡುವೆ ಕಳೆದವು. ಕಿವಿ ಯಾವಾಗ ಮಂದವಾಯಿತೆಂದು ಆಕೆಗೇ ತಿಳಿಯಲಿಲ್ಲ. ಅದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಫೋನಿನಲ್ಲಿ ಮಗಳ ಮಾತು ಅರ್ಧ ನುಂಗಿ ಹೋಗತೊಡಗಿತು; ಫೋನೇ ಕೆಟ್ಟಿದೆ ಎಂದುಕೊಂಡಳು. ಆಮೇಲೆ ಗಿರಾಕಿಗಳು "ಸಾಕು" ಎಂದರೆ "ಹಾಕು" ಎಂದು ಕೇಳಿ, ಅರ್ಧ ಬೀಸಬೇಕಾಗಿದ್ದ ಗೋಧಿಯನ್ನು ಪೂರ್ತಿ ಸುರಿದು ಬೀಸಿದಳು. ಜನ ಈಗ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾರೆ ಎಂದು ಬೈದಳು. ಕಡೆಗೆ ಒಂದು ಉಪಾಯ ಮಾಡಿಕೊಂಡಳು. ಯಾರೇ ಏನೇ ಹೇಳಲಿ, ಮುಖ ನೋಡಿ ನಕ್ಕು "ಹೂಂ" ಅನ್ನುವುದು. ಹತ್ತರಲ್ಲಿ ಎಂಟು ಸಲ ಅದು ನಡೆಯುತ್ತಿತ್ತು.

ಹಿಂದಿನಿಂದ ಕರೆದವರಿಗೆ ಮಾತ್ರ ಆ ಹೂಂ ಕೂಡ ಸಿಗುತ್ತಿರಲಿಲ್ಲ. "ಗಿರಣಿಯಾಕಿಗೆ ಸೊಕ್ಕು ಬಂದೈತಿ" ಎಂಬ ಮಾತು ಓಣಿಯಲ್ಲಿ ಹರಡಿತು. ಅದು ಆಕೆಯ ಕಿವಿಗೆ ಬೀಳಲಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೆಲ್ಟು ಪಟಪಟ ಎಂದು ನಿಂತಿತು. ಆದರೆ ಶೇಖರಮ್ಮನ ತಲೆಯೊಳಗೆ ಒಂದು ಸದ್ದು ನಿಲ್ಲಲಿಲ್ಲ. ಸಣ್ಣ, ಚೂಪಾದ, ಎಡೆಬಿಡದ ಸದ್ದು. ಕುಕ್ಕರಿನ ಸೀಟಿ ಇನ್ನೇನು ಕೂಗಬೇಕು ಅನ್ನುವ ಮುಂಚೆ ಬರುತ್ತದಲ್ಲ, ಅಂಥದ್ದು. ಆಕೆ ಎದ್ದು ಮೋಟಾರನ್ನು ಮುಟ್ಟಿ ನೋಡಿದಳು, ತಣ್ಣಗಾಗುತ್ತಿತ್ತು. ಮನೆಯೊಳಗೆ ಹೋಗಿ ಒಲೆ ನೋಡಿದಳು. ಕುಕ್ಕರು ಇಟ್ಟಿರಲೇ ಇಲ್ಲ.

ಅವತ್ತಿನಿಂದ ಆ ಸದ್ದು ಜೊತೆಗೇ ಉಳಿಯಿತು. ಗಿರಣಿ ಓಡುವಾಗ ಗೊತ್ತಾಗುತ್ತಿರಲಿಲ್ಲ, ಎಲ್ಲ ಶಾಂತವಾದ ಕೂಡಲೇ ಎದ್ದು ಕೂರುತ್ತಿತ್ತು. ಯಾರೋ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊ ಎಂದರು. ಬಿಟ್ಟುಕೊಂಡಳು, ಕಿವಿಯೊಳಗೆ ಗುಳ್ಳೆ ಎದ್ದದ್ದೇ ಬಂತು, ಸದ್ದು ಹೋಗಲಿಲ್ಲ. ಬಸವಂತರಾಯರು ವಾರಕ್ಕೊಮ್ಮೆ ಭಜನೆಗೆ ಕೂರುವವರು, ವಚನ ಬಾಯಿಪಾಠ ಇದ್ದವರು. ವಿಷಯ ಕೇಳಿ ಅವರ ಮುಖ ಅರಳಿತು.

"ಲೇ, ಇದು ಅನಾಹತ ನಾದ ಇರಬೇಕು. ದೊಡ್ಡ ದೊಡ್ಡ ಶರಣರು ಇದನ್ನ ಕೇಳಾಕ ವರ್ಷಗಟ್ಲೆ ಕಣ್ಣು ಮುಚ್ಚಿ ಕುಂದರ್ತಿದ್ರು."

"ಹಂಗಾದ್ರ ನೀವ ತಗೋರಿ ಇದನ್ನ. ನನಗ ಹಿಟ್ಟು ಬೀಸೂದೈತಿ" ಎಂದಳು ಶೇಖರಮ್ಮ.

ಹೀಗೆ ನಗೆಯಲ್ಲೇ ಇನ್ನಷ್ಟು ದಿನ ಕಳೆಯುತ್ತಿತ್ತೇನೋ. ಹುಸೇನ್‌ಬೀಯ ವಿಷಯದಲ್ಲಿ ಆದದ್ದು ನಗುವಂಥದ್ದಾಗಿರಲಿಲ್ಲ.

ಹುಸೇನ್‌ಬೀ ಕೌದಿ ಹೊಲಿಯುವಾಕೆ. ಎರಡು ಓಣಿ ಆಚೆ ಮನೆ. ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ಜೋಳ ತರುತ್ತಿದ್ದಳು. ಬೀಸುವುದು ಮುಗಿದ ಮೇಲೂ ಅರ್ಧ ತಾಸು ಕೂತು ಹೋಗುವ ರೂಢಿ. ಶೇಖರಮ್ಮನ ಮಗಳ ಬಾಣಂತನಕ್ಕೆ ಆರು ಕೌದಿ ಹೊಲಿದುಕೊಟ್ಟವಳೂ ಅವಳೇ. ಒಂದು ಸೋಮವಾರ ಆಕೆ ಬಂದಾಗ ಗಿರಣಿ ಭರ್ತಿ ಓಡುತ್ತಿತ್ತು. ಹುಸೇನ್‌ಬೀ ಬುಟ್ಟಿ ಕೆಳಗಿಟ್ಟು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು: "ಲಿಂಗಸುಗೂರಿನ ನಮ್ಮ ಆಪಾ ಹೋಗಿಬಿಟ್ಲು ಅಕ್ಕ."

ಲಿಂಗಸುಗೂರಿನ ಅಕ್ಕ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳನ್ನು ನೋಡಲು ಹೋಗಬೇಕು ಎಂದು ಹುಸೇನ್‌ಬೀ ವಾರವಾರವೂ ಹೇಳುತ್ತಿದ್ದಳು. ಶೇಖರಮ್ಮನಿಗೆ ಕೇಳಿಸಿದ್ದು "ಲಿಂಗಸುಗೂರು" ಮತ್ತು "ಹೋಗಿ", ಎರಡೇ ಮಾತು. ಅಂತೂ ಹೋಗಿಬಂದಳು ಎಂದುಕೊಂಡು ಬಾಯಿ ತುಂಬ ನಕ್ಕಳು.

"ಚಲೋ ಆತು ಬಿಡು! ಎಷ್ಟ ದಿನದಿಂದ ಕಾಯಾಕತ್ತಿದ್ದಿ!"

ಹುಸೇನ್‌ಬೀ ಆಕೆಯ ಮುಖವನ್ನೇ ನೋಡುತ್ತ ನಿಂತಳು. ಹಿಟ್ಟು ತುಂಬಿದ ಮೇಲೆ ಬುಟ್ಟಿ ಎತ್ತಿಕೊಂಡು ಕೂರದೆಯೇ ಹೋದಳು. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾಲ್ಕನೆಯ ವಾರ ಹುಸೇನ್‌ಬೀಯ ಅಣ್ಣನ ಮಗ ಮುಜಾಹಿದ್ ಗೋಧಿ ತಂದ. ಮಸ್ಕಿಯಿಂದ ಸಂತೆಕಲ್ಲೂರಿಗೆ ಶೇರ್ ಆಟೋ ಓಡಿಸುವವನು. ಇಬ್ಬರು ಮಕ್ಕಳ ತಂದೆ. ಶೇಖರಮ್ಮ ಕೇಳಿದಳು, "ನಿಮ್ಮ ಸೋದರತ್ತಿ ಯಾಕ ಬರವಲ್ಲಳು? ಮೈಯಾಗ ಆರಾಮಿಲ್ಲೇನು?" ಆತ ಏನೋ ಹೇಳಿದ. ಆಕೆ ನಕ್ಕು ಹೂಂ ಎಂದಳು. ಮುಜಾಹಿದ್ ಸುಮ್ಮನಿರಲಿಲ್ಲ. ಸೀದಾ ಹೋಗಿ ಸ್ವಿಚ್ಚು ಆರಿಸಿದ. ಬೆಲ್ಟು ನಿಂತ ಮೇಲೆ ಎದುರಿಗೆ ಬಂದು ನಿಂತು ಜೋರಾಗಿ ಹೇಳಿದ:

"ಅವರ ಅಕ್ಕ ಸತ್ತದ್ದಕ್ಕ ಚಲೋ ಆತು ಅಂದೀರಂತ, ಶೇಖರಮ್ಮಾರ. ನಮ್ಮ ಅತ್ತಿ ಈಗ ಆ ಕಡಿ ಗಿರಣಿಗೆ ಹೋಗ್ತಾಳ. ಈಗ ನೋಡ್ರಿ, ಆ ಮಾತ ನಾ ಹೇಳಿದ್ರ ನನ್ನ ಮುಂದೂ ನಗಾಕತ್ತೀರಿ."

ಸುಮ್ಮನಾದ ಗಿರಣಿಯಲ್ಲಿ ಶೇಖರಮ್ಮನ ಕಿವಿಯ ಸೀಟಿ ಒಂದೇ ಕೂಗುತ್ತಿತ್ತು. ಪಾಳಿಯಲ್ಲಿದ್ದ ಎಲ್ಲರಿಗೂ "ನಾಳಿ ಬರ್ರಿ" ಎಂದು ಹೇಳಿ ಬಾಗಿಲು ಎಳೆದಳು. ಮೈಮೇಲಿನ ಹಿಟ್ಟನ್ನೂ ಕೊಡವದೆ ಹುಸೇನ್‌ಬೀಯ ಮನೆಗೆ ನಡೆದಳು.

ಹುಸೇನ್‌ಬೀ ಅಂಗಳದಲ್ಲಿ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಶೇಖರಮ್ಮ ಆಕೆಯ ಎದುರಿಗೆ ನೆಲದ ಮೇಲೆ ಕೂತಳು.

"ಹುಸೇನ್‌ಬೀ, ನನಗ ಕಿವಿ ಕೇಳಂಗಿಲ್ಲ."

ಆ ಮಾತನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಉಳಿದದ್ದೂ ಬಂತು. ಎಷ್ಟು ದಿನದಿಂದ ಹೂಂ ಅನ್ನುತ್ತಿದ್ದೇನೆ, ಅವತ್ತು ಏನು ಕೇಳಿಸಿತು, ಏನು ತಿಳಿದುಕೊಂಡೆ, ಎಲ್ಲವನ್ನೂ ಹೇಳಿದಳು. ಹುಸೇನ್‌ಬೀ ಸೂಜಿ ನಿಲ್ಲಿಸಿದಳು. ಎದ್ದು ಒಳಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಹೊರಳಿ ನೋಡಿದಳು. ಶೇಖರಮ್ಮ ಹಾಗೆಯೇ ಕೂತಿದ್ದಳು. ಹುಸೇನ್‌ಬೀ ಮತ್ತೆ ಒಲೆಯ ಕಡೆ ತಿರುಗಿದಳು, ಮತ್ತೆ ಹೊರಳಿದಳು. ಆಮೇಲೆ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ಕೂತಳು.

"ಚಹಾ ಕುಡೀತಿ ಏನಂತ ಎರಡ ಸಲ ಕೇಳಿದೆ" ಎಂದಳು. ಕಣ್ಣು ತುಂಬಿದ್ದವು. "ಖರೇನ ಕೇಳಂಗಿಲ್ಲೇನ ಅಕ್ಕ ನಿನಗ?"

"ಇಲ್ಲ."

"ಮತ್ತ ದವಾಖಾನಿಗೆ ಯಾಕ ಹೋಗಿಲ್ಲ ನೀನು? ಊರಿಗೆಲ್ಲ ಬುದ್ಧಿ ಹೇಳಾಕಿ!"

ಅವತ್ತು ಇಬ್ಬರೂ ಕೂಡಿ ಅತ್ತರು, ಚಹಾ ಕುಡಿದರು. ತೀರಿಹೋದ ಅಕ್ಕನ ಕಡೆಯ ದಿನಗಳನ್ನು ಹುಸೇನ್‌ಬೀ ಮೊದಲಿನಿಂದ ಹೇಳಿದಳು. ಶೇಖರಮ್ಮ ಅವಳ ತುಟಿಯನ್ನೇ ನೋಡುತ್ತ ಕೇಳಿದಳು. ತಿಳಿಯದಿದ್ದಲ್ಲಿ "ಇನ್ನೊಮ್ಮಿ ಹೇಳು" ಎಂದಳು.

ಆ ವಾರವೇ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದರು. ಕಿವಿ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿ, ಪೊರೆ ಸರಿಯಾಗಿದೆ, ಗುಗ್ಗೆ ಕಟ್ಟಿಲ್ಲ, ಎಣ್ಣೆ ಸುಟ್ಟ ಕಲೆಯೊಂದಿದೆ ಎಂದರು. ಇನ್ನು ಮುಂದೆ ಎಣ್ಣೆಯನ್ನು ರೊಟ್ಟಿಗೆ ಮಾತ್ರ ಹಚ್ಚಿರಿ ಎಂದು ಹೇಳಿ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕಿವಿ ಪರೀಕ್ಷೆ ಮಾಡುವಾಕೆ ಅನುಪಮಾ. ಮೂವತ್ತರ ಆಸುಪಾಸಿನ ಹುಡುಗಿ. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದ ಒಂದು ಪುಟ್ಟ ಕೋಣೆಯಲ್ಲಿ ಶೇಖರಮ್ಮನನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಸದ್ದು ಎಷ್ಟ ಸಣ್ಣಗ ಕೇಳಿದ್ರೂ ಒತ್ರಿ ಅಮ್ಮಾರ."

ಆ ಕೋಣೆಯಷ್ಟು ಮೌನವಾದ ಜಾಗದಲ್ಲಿ ಶೇಖರಮ್ಮ ಜನ್ಮದಲ್ಲಿ ಕೂತಿರಲಿಲ್ಲ. ತಲೆಯೊಳಗಿನ ಸೀಟಿ ಅಲ್ಲಿ ಆಕಾಶದಷ್ಟಾಯಿತು. ಆಕೆ ಗುಂಡಿ ಒತ್ತಿದಳು, ಒತ್ತುತ್ತಲೇ ಇದ್ದಳು. ಅನುಪಮಾ ಬಾಗಿಲು ತೆರೆದು ಬಂದಳು.

"ನಾ ಇನ್ನೂ ಸದ್ದು ಬಿಟ್ಟೇ ಇಲ್ರೀ. ನಿಮ್ಮ ಕಿವಿಯಾಗ ಮೊದಲ ಒಂದು ಸದ್ದು ಐತೇನು?"

"ಐತವ್ವ. ನಿನಗ ಹೆಂಗ ಗೊತ್ತಾತು?"

"ಭಾಳ ಮಂದಿಗೆ ಇರತೈತ್ರಿ. ಈಗ ಬಿಟ್ಟ ಬಿಟ್ಟ ಬರೋ ಸದ್ದು ಹಾಕ್ತೀನಿ. ನಿಮ್ಮದು ಒಂದ ಸವನ ಕೂಗತೈತಿ, ನನ್ನದು ಟಕ್ ಟಕ್ ಅಂತೈತಿ. ನನ್ನದಕ್ಕಷ್ಟ ಒತ್ರಿ."

ಭಾಳ ಮಂದಿಗೆ ಇರುತ್ತದೆ ಎಂಬ ಆ ಒಂದು ಮಾತಿನಿಂದಲೇ ಅರ್ಧ ಭಾರ ಇಳಿಯಿತು ಎಂದು ಶೇಖರಮ್ಮ ಈಗಲೂ ಹೇಳುತ್ತಾಳೆ.

ಪರೀಕ್ಷೆ ಮುಗಿದ ಮೇಲೆ ಅನುಪಮಾ ಒಂದು ಹಾಳೆ ತೋರಿಸಿದಳು. ಗೆರೆ ಎಡಕ್ಕೆ ಮಟ್ಟಸವಾಗಿದ್ದು ಬಲಕ್ಕೆ ಹೋಗುತ್ತ ಇಳಿಜಾರಾಗಿತ್ತು. ದಪ್ಪ ಸದ್ದುಗಳು ಕೇಳುತ್ತವೆ, ಸಣ್ಣ ಸದ್ದುಗಳು ಹೋಗಿವೆ ಎಂದಳು. ಸ, ಶ, ಚ ಇಂಥ ಅಕ್ಷರಗಳು ಆ ಸಣ್ಣ ಸದ್ದಿನವೇ. ಅದಕ್ಕೇ ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನು ಮಾತಾಡುತ್ತಿದ್ದಾರೆಂದು ತಿಳಿಯುವುದಿಲ್ಲ. ಕಿವಿಯ ಒಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿರುತ್ತವೆ, ವರ್ಷಗಟ್ಟಲೆ ದೊಡ್ಡ ಸದ್ದಿಗೆ ಅವು ಸವೆದು ಹೋಗುತ್ತವೆ. ಅಲ್ಲಿಂದ ಬರಬೇಕಾದ ಸದ್ದು ಬಾರದಿದ್ದಾಗ ಮಿದುಳು ಅದನ್ನು ಹುಡುಕುತ್ತ ತಾನೇ ವಾಲ್ಯೂಮು ಏರಿಸುತ್ತದೆ; ಆಗ ಕೇಳುವುದೇ ಈ ಸೀಟಿ.

ಶೇಖರಮ್ಮ ಕೇಳಿದಳು: "ಗಿರಣಿ ಕಲ್ಲು ಸವದ್ರ ಉಳಿ ಹಿಡದು ಮತ್ತ ಹಲ್ಲು ಕಟಿಸ್ತೀವಿ. ಇದನ್ನ ಕಟಿಯಾಕ ಬರಂಗಿಲ್ಲೇನು?"

"ಇಲ್ರೀ. ಇದು ಒಮ್ಮಿ ಸವದ್ರ ಸವದ್ಹಂಗ."

"ಸೀಟಿ ಹೋಗತೈತೇನು?"

"ಪೂರ್ತಿ ಹೋಗತೈತಿ ಅಂತ ನಾ ಹೇಳಂಗಿಲ್ರೀ. ಆದ್ರ ಅದು ಇದ್ದೂ ನಿಮಗ ಇಲ್ದಂಗ ಮಾಡಾಕ ಬರತೈತಿ. ಟೈಮ್ ಹಿಡೀತೈತಿ."

ಆ ಹುಡುಗಿ ಸುಳ್ಳು ಭರವಸೆ ಕೊಡಲಿಲ್ಲವೆಂಬುದು ಶೇಖರಮ್ಮನಿಗೆ ಹಿಡಿಸಿತು. ತರಿತರಿ ಹಿಟ್ಟನ್ನು ನುಣ್ಣಗಿದೆ ಎಂದು ಆಕೆಯೂ ಯಾವತ್ತೂ ಕಟ್ಟಿಕೊಟ್ಟವಳಲ್ಲ.

ಕಿವಿಗೆ ಮಷೀನು ಬಂತು. ಮೊದಲ ದಿನ ಹಾಕಿಕೊಂಡಾಗ ಮನೆಯೇ ಮೈಮೇಲೆ ಬಿದ್ದಂತಾಯಿತು. ರೊಟ್ಟಿ ತಟ್ಟುವ ಸದ್ದು, ಚಪ್ಪಲಿಯ ಸದ್ದು, ಪ್ಲಾಸ್ಟಿಕ್ ಚೀಲದ ಚರಪರ, ತನ್ನವೇ ಬಳೆಗಳು. ಬಸವಂತರಾಯರು ಹಪ್ಪಳ ತಿನ್ನುತ್ತ ಕೂತಾಗ ಆಕೆ ಎದ್ದು ಅಂಗಳಕ್ಕೆ ಹೋದಳು. ನಾಲ್ಕು ದಿನ ಮಷೀನು ಡಬ್ಬಿಯಲ್ಲೇ ಉಳಿಯಿತು. ಐದನೆಯ ದಿನ ಅನುಪಮಾ ಹೇಳಿದ್ದಂತೆ ಮುಂಜಾನೆ ಒಂದು ತಾಸು ಹಾಕಿಕೊಂಡಳು. ಮರುವಾರ ಎರಡು ತಾಸು. ತಿಂಗಳಾದ ಮೇಲೆ ಒಂದು ದಿನ ಮಗಳು ಫೋನು ಮಾಡಿದಳು. ಆ ಕಡೆಯಿಂದ ಎರಡು ವರ್ಷದ ಮೊಮ್ಮಗಳು "ಸಕ್ರಿ" ಎಂದದ್ದು ಆಕೆಗೆ ಕೇಳಿಸಿತು. ಸ ಕೂಡ ಕೇಳಿಸಿತು.

ಸೀಟಿಯ ಜೊತೆಗಿನ ಜಗಳ ಇನ್ನೂ ಸ್ವಲ್ಪ ಉದ್ದವಾಯಿತು. ಶ್ರಾವಣದಲ್ಲಿ ಎರಡು ವಾರ ಆಕೆ ಬಹಳ ಸೋತಳು. ಊಟ ಸೇರುತ್ತಿರಲಿಲ್ಲ. ಗಳಿಗೆಗೊಮ್ಮೆ ಕೆಲಸ ನಿಲ್ಲಿಸಿ, ಐತೋ ಹೋತೋ ಎಂದು ಕಿವಿಗೊಟ್ಟು ನೋಡುತ್ತಿದ್ದಳು. ಇದ್ದೇ ಇರುತ್ತಿತ್ತು. ಅನುಪಮಾ ಫೋನಿನಲ್ಲಿ ಹೇಳಿದಳು, ಹುಡುಕಿ ಹುಡುಕಿ ನೋಡಿದಷ್ಟೂ ಅದು ದೊಡ್ಡದಾಗುತ್ತದೆ. ಪೂರ್ತಿ ಮೌನದಲ್ಲಿ ಕೂರಬೇಡಿ, ಹತ್ತಿರದಲ್ಲಿ ಸಣ್ಣದೊಂದು ಸದ್ದು ಇರಲಿ. ಶೇಖರಮ್ಮ ಮಲಗುವ ಕೋಣೆಯಲ್ಲಿ ಫ್ಯಾನು ಬಿಟ್ಟಳು. ಮಧ್ಯಾಹ್ನದ ಹೊತ್ತು ರೇಡಿಯೋವನ್ನು ಮಾತು ತಿಳಿಯದಷ್ಟು ಸಣ್ಣಗೆ ಹಚ್ಚಿಟ್ಟು ಕಾಳು ಆರಿಸಲು ಕೂತಳು. ಹೊತ್ತು ಹೊತ್ತಿಗೆ ಉಂಡಳು. ಸಿಟ್ಟು ಬಂದ ದಿನ ಸೀಟಿ ಹೆಚ್ಚಾಗುತ್ತದೆ ಎಂದು ಕಂಡುಕೊಂಡು, ಗಿರಾಕಿಗಳ ಜೊತೆ ವಾದ ಮಾಡುವುದನ್ನು ತುಸು ಕಡಿಮೆ ಮಾಡಿದಳು. ಪೂರ್ತಿ ಬಿಡಲಿಲ್ಲ. ದಸರೆಯ ಹೊತ್ತಿಗೆ ಹುಸೇನ್‌ಬೀ "ಸೀಟಿ ಹೆಂಗೈತಿ?" ಎಂದು ಕೇಳಿದಾಗ, ಆಕೆ ಸ್ವಲ್ಪ ಯೋಚಿಸಿ, "ಐತಿ. ಮೂಲ್ಯಾಗ ಕುಂತೈತಿ. ಮುಂಜಾನಿಂದ ಅದರ ಕಡಿ ಲಕ್ಷ್ಯಾನ ಹೋಗಿದ್ದಿಲ್ಲ" ಎಂದಳು.

ಗಿರಣಿಯನ್ನು ಬಿಡುವ ವಿಚಾರ ಆಕೆಗೆ ಬರಲಿಲ್ಲ. ಉಳಿದ ಕಿವಿಯನ್ನು ಕಾಪಾಡಿಕೊಂಡು ನಡೆಸುವುದು ಹೇಗೆ ಎಂದಷ್ಟೇ ನೋಡಿದಳು. ಸಿಂಧನೂರಿನ ಅಂಗಡಿಯಿಂದ ಎರಡೂ ಕಿವಿ ಮುಚ್ಚುವ ಕೆಂಪು ಮುಚ್ಚಳಗಳನ್ನು ತಂದಳು. ಮೋಟಾರು ಓಡುವಾಗ ಮಷೀನು ಡಬ್ಬಿಗೆ, ಮುಚ್ಚಳ ಕಿವಿಗೆ. ಮೋಟಾರು ನಿಂತಾಗ ಮಷೀನು ಕಿವಿಗೆ. ಬಾಗಿಲ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿದಳು: "ನನಗೆ ಕಿವಿ ಕಡಿಮೆ ಕೇಳುತ್ತದೆ. ಎದುರಿಗೆ ಬಂದು ಮಾತಾಡಿರಿ. – ಶೇಖರಮ್ಮ."

ಬಸವಂತರಾಯರಿಗೆ ಇದು ಸರಿಬರಲಿಲ್ಲ. "ಗ್ವಾಡಿ ಮ್ಯಾಲ ಬರಸೂದೇನು ಇದನ್ನ? ನಾಳಿ ಎಲ್ಲಾರೂ ಕಿವುಡಿ ಅಂತಾರ."

"ಇಲ್ಲಿತನಕ ಸೊಕ್ಕಿನಾಕಿ ಅಂತಿದ್ರಂತ, ಹುಸೇನ್‌ಬೀ ಹೇಳಿದ್ಲು. ಇಲ್ಲದ ಸೊಕ್ಕು ಹೊತಗೊಂಡು ತಿರಗೂದಕ್ಕಿಂತ ಇದ್ದ ಕಿವುಡು ಹೇಳಿಕೊಳ್ಳೂದು ಚಲೋ ಅಲ್ಲೇನ್ರೀ?"

ಅವರು ಮೀಸೆ ತೀಡಿಕೊಂಡರು. ಒಂದು ವಾರದ ನಂತರ ಬರಹದ ಸುಣ್ಣ ಒಂದು ಕಡೆ ಉದುರಿದಾಗ, ಏಣಿ ಹತ್ತಿ ಅದನ್ನು ಸರಿಮಾಡಿದವರು ಅವರೇ.

ಬರಹವನ್ನು ನೋಡಿ ನಕ್ಕವರು ಕೆಲವರು. ಆದರೆ ಮೆಲ್ಲಗೆ ಬಂದು "ನಮ್ಮ ಮಾವಗೂ ಹಿಂಗ ಆಗೈತ್ರಿ, ಎಲ್ಲಿ ತೋರಿಸಿದ್ರಿ?" ಎಂದು ಕೇಳಿದವರೇ ಹೆಚ್ಚು. ಅವರಲ್ಲಿ ಲಕ್ಷ್ಮಣನ ಪ್ರಸಂಗ ಬೇರೆ ಥರದ್ದು. ಆತ ಮುಕ್ಕುಂದದವನು, ಭತ್ತ ಕೊಯ್ಯುವ ಮಷೀನು ಓಡಿಸುತ್ತಾನೆ. ಮಸ್ಕಿಯಲ್ಲಿ ಹೆಂಡತಿಯ ತವರು. ಒಂದು ಮುಂಜಾನೆ ಅತ್ತೆಯ ಮನೆಯ ಜೋಳ ಹೊತ್ತು ತಂದವನು ಗೋಡೆಯ ಬರಹ ಓದಿ, ತನ್ನ ಬಲಗಿವಿಯನ್ನು ತೋರಿಸಿ ನಕ್ಕ.

"ನಂದೂ ನಿನ್ನೆ ಮುಂಜಾನಿ ಬಂದ್ ಆಗೇತ್ರಿ. ಏಳೂತ್ಲೇ ಒಂದು ಕಿವಿ ಪೂರಾ ಕೇಳವಲ್ದು, ಗುಂಯ್ ಅಂತೈತಿ. ಗಾಳಿ ಹೊಕ್ಕಿರಬೇಕು. ನಾಕು ದಿನ ನೋಡತೀನಿ."

ಶೇಖರಮ್ಮ ಮೋಟಾರು ನಿಲ್ಲಿಸಿದಳು. "ಮೆಲ್ಲಕ ಮೆಲ್ಲಕ ಹೋತೇನು, ಒಮ್ಮಿಂದೊಮ್ಮಿಗೆ ಹೋತೇನು?"

"ಒಮ್ಮಿಂದೊಮ್ಮಿಗೆ."

"ಹಂಗಾದ್ರ ನಾಕು ದಿನ ಅಲ್ಲ, ನಾಕು ತಾಸೂ ನೋಡಬ್ಯಾಡ. ನಂದು ವರ್ಷಗಟ್ಲೆ ಸವದದ್ದು, ಅದರ ಕತಿ ಬ್ಯಾರೆ. ಒಂದ ಕಿವಿ ಒಂದ ದಿನದಾಗ ಬಂದ್ ಆತಂದ್ರ ಅವತ್ತ ಡಾಕ್ಟರ್ ಕಡಿ ಹೋಗಬೇಕಂತ ಆ ಹುಡುಗಿ ಹೇಳ್ಯಾಳ."

"ಇವತ್ತ ಕೊಯ್ಯೂದು ಐತ್ರಿ..."

"ಭತ್ತ ನಾಳಿಗೂ ಹೊಲದಾಗ ನಿಂತಿರತೈತಿ. ಕಿವಿ ನಿಂತಿರಂಗಿಲ್ಲ."

ಆಕೆ ತಾನೇ ಅನುಪಮಾಗೆ ಫೋನು ಮಾಡಿದಳು. ಮುಜಾಹಿದ್‌ನನ್ನು ಕರೆಸಿ, ಲಕ್ಷ್ಮಣನನ್ನು ಆಟೋದಲ್ಲಿ ಕೂರಿಸಿ, ಸಿಂಧನೂರಿನ ಬಸ್ಸು ಹತ್ತಿಸಿಯೇ ಬರಬೇಕು ಎಂದು ಕಟ್ಟಪ್ಪಣೆ ಮಾಡಿದಳು. ಡಾಕ್ಟರು ಅವತ್ತೇ ಔಷಧ ಶುರು ಮಾಡಿದರು. ಎಲ್ಲರಿಗೂ ಇದು ಮರಳುವುದಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ. ಮೂರು ವಾರದಲ್ಲಿ ಲಕ್ಷ್ಮಣನ ಕಿವಿ ಮುಕ್ಕಾಲು ಪಾಲು ತೆರೆದುಕೊಂಡಿತು. ಆತ ಮುಕ್ಕುಂದದಿಂದ ಹೊಸ ಅಕ್ಕಿಯ ಚೀಲವೊಂದನ್ನು ಹೊತ್ತು ತಂದು ಗಿರಣಿಯ ಕಟ್ಟೆಯ ಮೇಲಿಟ್ಟ. ಶೇಖರಮ್ಮ ಅದರಲ್ಲಿ ಅರ್ಧವನ್ನು ಅಲ್ಲೇ ಬೀಸಿ, ಪಾಳಿಯಲ್ಲಿದ್ದ ಹೆಂಗಸರಿಗೆ ಒಂದೊಂದು ಬೊಗಸೆ ಹಿಟ್ಟು ಹಂಚಿದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಸಂತೆಕಲ್ಲೂರಿನಲ್ಲಿ ಮೆಹರಬಾನು ಎಂಬ ಹೆಣ್ಣುಮಗಳು ಸ್ವಂತ ಗಿರಣಿ ಹಾಕಿದಳು. ಕಲ್ಲು ಕೂರಿಸುವುದನ್ನು ತೋರಿಸಿಕೊಡಿ ಎಂದು ಶೇಖರಮ್ಮನನ್ನು ಕರೆಸಿದ್ದಳು. ನಾನೂ ಅವತ್ತು ಅಲ್ಲಿದ್ದೆ. ಮೆಹರಬಾನು ಉತ್ಸಾಹದಿಂದ ಸ್ವಿಚ್ಚಿನ ಹತ್ತಿರ ಹೋದಾಗ ಶೇಖರಮ್ಮ ಕೈ ಹಿಡಿದು ನಿಲ್ಲಿಸಿದಳು. ಚೀಲದಿಂದ ಹೊಸ ಮುಚ್ಚಳಗಳನ್ನು ತೆಗೆದು ಆಕೆಯ ಕಿವಿಗೆ ತಾನೇ ಏರಿಸಿದಳು.

"ಇದನ್ನ ಹಾಕ್ಕೊಂಡ ಮ್ಯಾಲ ಸ್ವಿಚ್ಚಿಗೆ ಕೈ. ದಿನಾ."

"ಇದ ಹಾಕ್ಕೊಂಡ್ರ ಕಲ್ಲಿನ ಸದ್ದು ಹೆಂಗ ಗೊತ್ತಾಗಬೇಕ್ರಿ?" ಎಂದು ಮೆಹರಬಾನು ಜೋರಾಗಿ ಕೇಳಿದಳು.

ಶೇಖರಮ್ಮ ತನ್ನ ಕಿವಿಗೂ ಮುಚ್ಚಳ ಏರಿಸಿ, ಆಕೆಯ ಅಂಗೈಯನ್ನು ಗಿರಣಿಯ ಮೈಮೇಲೆ ಒತ್ತಿ ಹಿಡಿದು, ತಾನು ಸ್ವಿಚ್ಚು ಹಾಕಿದಳು. ಕಲ್ಲು ತಿರುಗಿತು. ಮೆಹರಬಾನು ಕಣ್ಣರಳಿಸಿ ಅಂಗೈಯನ್ನೇ ನೋಡಿದಳು. ಮೊದಲ ಹಿಡಿ ಹಿಟ್ಟು ಬಟ್ಟೆಯ ಚೀಲದಿಂದ ಇಳಿದು ಬುಟ್ಟಿಗೆ ಬಿತ್ತು. ಶೇಖರಮ್ಮ ಒಂದು ಚಿಟಿಕೆ ತೆಗೆದು ಎರಡು ಬೆರಳಲ್ಲಿ ತಿಕ್ಕಿ, ಮೆಹರಬಾನುವಿನ ಬೆರಳಿಗೂ ಹಚ್ಚಿದಳು.

"ದಪ್ಪ ಐತಿ" ಎಂದಳು ಮೆಹರಬಾನು.

ಶೇಖರಮ್ಮ ಆಕೆಯ ತುಟಿ ನೋಡಿ ತಲೆಯಾಡಿಸಿದಳು, ಕಲ್ಲಿನ ಹಿಡಿಕೆಯನ್ನು ಕಾಲು ಸುತ್ತು ಬಿಗಿ ಮಾಡಿದಳು.